ಆರ್ಕೆಲಾನ್ ಎಂಬ ಮಹಾಕೂರ್ಮ

ಪ್ರಾಚೀನ ಜೀವಿಗಳ ಅವಶೇಷಗಳಿಗೆ ನಮ್ಮ ವಿಜ್ಞಾನ ಲೇಖಕರು ‘ಪಳೆಯುಳಿಕೆ’ ಎಂಬ ಹೆಸರನ್ನು ಬಳಕೆಗೆ ತಂದಿದ್ದಾರೆ. ಭಾಷಾಭ್ಯಾಸಿಗಳಿಗೆ ಈ ಪದವೇ ಒಂದು ಕೌತುಕದ ವಸ್ತು. ಹಳಗನ್ನಡದ ‘ಪೞೆಯ’ ಎಂಬ ಶಬ್ದವು ಕಾಲಕ್ರಮದಲ್ಲಿ ‘ಪಳೆಯ’ ಎಂದಾಗಿ, ಪಕಾರವು ಹಕಾರವಾಗುವ ನಿಯಮಕ್ಕೆ ಒಳಪಟ್ಟು ಇಂದಿನ ‘ಹಳೆಯ’ ಎಂಬ ರೂಪವನ್ನು ತಾಳಿತು. ಆಡುಮಾತಿನಿಂದ ಎಂದೋ ಮರೆಯಾದ ಆ ಪಕಾರವು ‘ಪಳೆಯುಳಿಕೆ’ಯಲ್ಲಿ ಹಾಗೆಯೇ ಉಳಿದುಕೊಂಡಿದೆ. ಹಳೆಯದರ ಉಳಿಕೆಯನ್ನು ಹೇಳುವ ಪದದಲ್ಲಿಯೇ ಹಳೆಯ ಭಾಷೆಯ ಒಂದು ತುಣುಕು ಉಳಿದಿರುವುದು ಸೊಗಸಾಗಿಯೇ ಇದೆ. ಶಬ್ದದ ಇಂದಿನ ರೂಪವನ್ನು ನೋಡಿ ಅದರ ಹಿಂದಿನ ಅವಸ್ಥೆಗಳನ್ನು ವೈಯಾಕರಣನು ಹೇಗೆ ನಿರ್ಣಯಿಸುತ್ತಾನೋ, ಹಾಗೆ ಒಂದು ಎಲುಬಿನ ರೂಪವನ್ನು ನೋಡಿ ಅದನ್ನು ಹೊತ್ತಿದ್ದ ಪ್ರಾಣಿಯ ಬಾಳನ್ನು ವಿಜ್ಞಾನಿಯು ನಿರ್ಣಯಿಸುತ್ತಾನೆ. ಇಬ್ಬರಿಗೂ ಬೇಕಾದುದು ವ್ಯಾಕರಣಜ್ಞಾನ. ಒಬ್ಬನದು ಶಬ್ದದ ವ್ಯಾಕರಣ, ಇನ್ನೊಬ್ಬನದು ಶರೀರದ ವ್ಯಾಕರಣ.

ಈ ಮಾತಿಗೆ ನಿದರ್ಶನವಾಗಿ ‘ಆರ್ಕೆಲಾನ್’ ಎಂಬ ಕಡಲಾಮೆಯ ವೃತ್ತಾಂತವನ್ನು ಇಲ್ಲಿ ನಿರೂಪಿಸಲಾಗಿದೆ. ಇಂದಿಗೆ ಸುಮಾರು ಏಳೂವರೆ ಕೋಟಿ ವರ್ಷಗಳ ಹಿಂದೆ ಬದುಕಿದ್ದ ಈ ಪ್ರಾಣಿಯನ್ನು ಯಾವ ಮನುಷ್ಯನೂ ಜೀವಂತವಾಗಿ ಕಂಡಿಲ್ಲ. ಅದು ಅಳಿದು ಕೋಟ್ಯಂತರ ವರ್ಷಗಳಾದ ಮೇಲೆ ಮನುಷ್ಯಕುಲ ಹುಟ್ಟಿತು. ಆದರೂ ಅದು ಹೇಗೆ ಈಜುತ್ತಿತ್ತು, ಅದರ ಬೆನ್ನು ಹೇಗಿತ್ತು, ಅವುಗಳಲ್ಲಿ ಒಂದಕ್ಕೆ ಎಳೆತನದಲ್ಲಿ ಎಂತಹ ಆಪತ್ತು ಒದಗಿತ್ತು ಎಂಬ ಸಂಗತಿಗಳನ್ನು ಇಂದು ಹೇಳಬಹುದಾಗಿದೆ. ಇದು ಹೇಗೆ ಸಾಧ್ಯವಾಯಿತೆಂಬುದೇ ನಾವು ಮುಖ್ಯವಾಗಿ ಗಮನಿಸಬೇಕಾದ ವಿಷಯ.

ನೆಲದ ನಡುವೆ ಇದ್ದ ಕಡಲು

ಅಮೆರಿಕ ಸಂಯುಕ್ತ ಸಂಸ್ಥಾನಗಳ ಭೂಪಟವನ್ನು ತೆರೆದು ನೋಡಿದರೆ ಅದರ ಉತ್ತರ ಮಧ್ಯಭಾಗದಲ್ಲಿ ದಕ್ಷಿಣ ಡಕೋಟಾ ಎಂಬ ಪ್ರಾಂತ ಕಾಣುತ್ತದೆ. ಅಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಸಾಗರವನ್ನು ಸೇರಲು ಬಹುದೂರ ಪಯಣ ಮಾಡಬೇಕು. ಒಣಹುಲ್ಲಿನ ಬಯಲು, ಮಳೆಗೆ ಕೊರೆದುಹೋದ ಬೂದುಬಣ್ಣದ ದಿಬ್ಬಗಳು, ನಡುನಡುವೆ ಹರಿಯುವ ಹೊಳೆಗಳು, ಇದು ಆ ನಾಡಿನ ಇಂದಿನ ನೋಟ. ಇಂತಹ ಎಡೆಯಲ್ಲಿ ಕಡಲಾಮೆಯ ಎಲುಬುಗಳು ದೊರೆತವೆಂದರೆ ಕೇಳಿದವರಿಗೆ ಸೋಜಿಗವಾಗದೆ ಇರದು.

ಕ್ರಿಟೇಷಿಯಸ್ ಎಂದು ಭೂವಿಜ್ಞಾನಿಗಳು ಕರೆಯುವ ಯುಗದ ಉತ್ತರಾರ್ಧದಲ್ಲಿ ಉತ್ತರ ಅಮೆರಿಕ ಖಂಡವು ಒಂದೇ ನೆಲವಾಗಿರಲಿಲ್ಲ. ದಕ್ಷಿಣದ ಮೆಕ್ಸಿಕೋ ಕೊಲ್ಲಿಯಿಂದ ಉತ್ತರದ ಹಿಮಸಾಗರದವರೆಗೆ ಒಂದು ಒಳಗಡಲು ಹಬ್ಬಿ, ಖಂಡವನ್ನು ಪೂರ್ವ ಪಶ್ಚಿಮಗಳೆಂದು ಎರಡಾಗಿ ಸೀಳಿತ್ತು. ಅದು ಪೂರ್ಣವಾಗಿ ಹರಡಿದ್ದ ಕಾಲದಲ್ಲಿ ಅದರ ಉದ್ದ ಸುಮಾರು ೩೨೦೦ ಕಿಲೋಮೀಟರುಗಳು. ಹೆಚ್ಚು ವಿಸ್ತಾರವಾಗಿದ್ದೆಡೆ ಅಗಲ ಸುಮಾರು ಒಂದು ಸಾವಿರ ಕಿಲೋಮೀಟರುಗಳು. ಸಾಗರಗಳಿಗೆ ಹೋಲಿಸಿದರೆ ಅದು ಆಳವಿಲ್ಲದ, ಬೆಚ್ಚನೆಯ ಕಡಲು. ಅದರಲ್ಲಿ ಐದು ಮೀಟರು ಉದ್ದದ ಜಿಫಾಕ್ಟಿನಸ್ ಎಂಬ ಮೀನುಗಳು, ಉಡ ಮತ್ತು ಹಾವುಗಳ ನೆಂಟರಾದ ಮೋಸಸಾರ್ ಎಂಬ ದೈತ್ಯ ಸರೀಸೃಪಗಳು, ಶಾರ್ಕುಗಳು, ಹಲ್ಲುಳ್ಳ ಕಡಲಹಕ್ಕಿಗಳು ವಾಸವಾಗಿದ್ದವು. ಸುರುಳಿಚಿಪ್ಪಿನ ಅಮೊನೈಟುಗಳೂ ಅಲ್ಲಿ ಹೇರಳವಾಗಿದ್ದವು. ಗಂಡಕೀ ನದಿಯಲ್ಲಿ ದೊರೆಯುವ ಸಾಲಿಗ್ರಾಮ ಶಿಲೆಗಳೊಳಗಿನ ಚಕ್ರದ ಗುರುತನ್ನು ವಾಚಕರು ನೋಡಿರಬಹುದು. ಅದು ಇದೇ ವರ್ಗದ ಜೀವಿಗಳು ಬಿಟ್ಟುಹೋದ ಅಚ್ಚು.

ಆ ಕಡಲಿನ ತಳಕ್ಕೆ ನುಣ್ಣನೆಯ ಕೆಸರು ನಿರಂತರವಾಗಿ ಇಳಿಯುತ್ತಿತ್ತು. ಸತ್ತ ಪ್ರಾಣಿಯೊಂದು ತಳವನ್ನು ಸೇರಿದಾಗ ಅದರ ಮಾಂಸವು ಕೊಳೆತುಹೋದರೂ, ಬೇಗನೆ ಕೆಸರು ಮುಚ್ಚಿದ್ದಾದರೆ ಎಲುಬು ಉಳಿಯುವ ಸಂಭವವಿತ್ತು. ಕೆಸರು ಪದರಪದರವಾಗಿ ಗಟ್ಟಿಯಾಗಿ ಶೇಲ್ ಎಂಬ ಜೇಡಿಶಿಲೆಯಾಯಿತು. ಎಲುಬಿನ ಸೂಕ್ಷ್ಮರಂಧ್ರಗಳಲ್ಲಿ ಖನಿಜಗಳು ತುಂಬಿ ಅದೂ ಕಲ್ಲಿನಂತಾಯಿತು. ಮುಂದೆ ನೆಲವು ಮೇಲೆದ್ದು ಕಡಲು ಹಿಂದೆ ಸರಿಯಿತು. ಹೊಳೆಗಳು ಶಿಲೆಯನ್ನು ಕೊರೆದು ಒಳಗಿದ್ದುದನ್ನು ಹೊರಗೆಡವಿದವು. ಆರ್ಕೆಲಾನಿನ ಎಲುಬುಗಳನ್ನು ಕಾಪಾಡಿದ ಈ ಶಿಲಾಸ್ತರಕ್ಕೆ ‘ಪಿಯರ್ ಶೇಲ್’ ಎಂದು ಹೆಸರು.

ಹೆಸರಿನ ವಿಚಾರ

೧೮೯೫ರಲ್ಲಿ ಜಾರ್ಜ್ ರೀಬರ್ ವೀಲಂಡ್ ಎಂಬ ವಿದ್ವಾಂಸರು ದಕ್ಷಿಣ ಡಕೋಟಾದ ಚೆಯೆನ್ ನದಿಯ ಬಳಿ ಈ ಶಿಲೆಯಲ್ಲಿ ಒಂದು ಬೃಹತ್ ಆಮೆಯ ಅಸ್ಥಿಪಂಜರವನ್ನು ಕಂಡುಹಿಡಿದರು. ತಲೆಬುರುಡೆಯೊಂದನ್ನು ಬಿಟ್ಟರೆ ಅದರ ಬಹುಭಾಗ ದೊರೆತಿತ್ತು. ಮರುವರ್ಷವೇ, ಎಂದರೆ ೧೮೯೬ರಲ್ಲಿ, ಅವರು ಅದರ ವಿವರಣೆಯನ್ನು ಪ್ರಕಟಿಸಿ ‘ಆರ್ಕೆಲಾನ್ ಇಸ್ಕೈರಾಸ್’ ಎಂದು ನಾಮಕರಣ ಮಾಡಿದರು. ತರುವಾಯ ದೊರೆತ ಬೇರೊಂದು ಪ್ರತಿಯ ತಲೆಬುರುಡೆಯ ವಿವರಣೆ ೧೯೦೦ರಲ್ಲಿ ಹೊರಬಂದಿತು. ಮೊದಲು ದೊರೆತ ಅಸ್ಥಿಪಂಜರವು ಯೇಲ್ ವಿಶ್ವವಿದ್ಯಾಲಯದ ಪೀಬಡಿ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇದೆ.

ಈ ಹೆಸರು ಗ್ರೀಕ್ ಭಾಷೆಯ ಶಬ್ದಗಳಿಂದ ರಚಿತವಾದುದು. ‘ಕೆಲೋನೆ’ ಎಂದರೆ ಆಮೆ. ಅದರ ಹಿಂದೆ ಸೇರಿರುವ ‘ಆರ್ಕ್’ ಎಂಬ ಧಾತುವಿಗೆ ಆ ಭಾಷೆಯಲ್ಲಿ ಮೊದಲಾಗುವುದು, ಆಳುವುದು ಎಂಬ ಎರಡರ್ಥಗಳೂ ಉಂಟು. ‘ಇಸ್ಕೈರಾಸ್’ ಎಂದರೆ ಬಲಶಾಲಿ. ಆದ್ದರಿಂದ ‘ಬಲಿಷ್ಠವಾದ ಆದಿಕೂರ್ಮ’ ಎಂದೋ ‘ಬಲಿಷ್ಠವಾದ ಕೂರ್ಮರಾಜ’ ಎಂದೋ ಕನ್ನಡದಲ್ಲಿ ಹೇಳಬಹುದು. ಎರಡನೆಯ ಅರ್ಥ ಅದರ ಗಾತ್ರಕ್ಕೆ ಚೆನ್ನಾಗಿ ಹೊಂದುತ್ತದೆ. ವೀಲಂಡರ ಮೊದಲ ಪ್ರತಿಯೇ ಸುಮಾರು ಮೂರೂವರೆ ಮೀಟರು ಉದ್ದವಾಗಿದೆ. ತರುವಾಯ ದಕ್ಷಿಣ ಡಕೋಟಾದಲ್ಲಿಯೇ ದೊರೆತು, ಈಗ ಆಸ್ಟ್ರಿಯ ದೇಶದ ವಿಯೆನ್ನಾ ನಗರದ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯದಲ್ಲಿರುವ ಪ್ರತಿಯು ತಲೆಯಿಂದ ಬಾಲದವರೆಗೆ ಸುಮಾರು ೪.೬ ಮೀಟರು, ಎಂದರೆ ಹದಿನೈದು ಅಡಿಗಳಷ್ಟು ಉದ್ದವಾಗಿದೆ; ಚಾಚಿದ ಒಂದು ಮುಂಗಾಲಿನ ತುದಿಯಿಂದ ಮತ್ತೊಂದರ ತುದಿಗೆ ಸುಮಾರು ನಾಲ್ಕು ಮೀಟರುಗಳು. ಜೀವಂತವಾಗಿದ್ದಾಗ ಅದರ ತೂಕ ಎರಡು ಸಾವಿರ ಕಿಲೋಗ್ರಾಮುಗಳಿಗೂ ಮೀರಿತ್ತೆಂಬುದು ತಜ್ಞರ ಅಂದಾಜು. ಇದುವರೆಗೆ ತಿಳಿದಿರುವ ಕಡಲಾಮೆಗಳಲ್ಲಿ ಇದಕ್ಕಿಂತ ದೊಡ್ಡದು ಬೇರೆ ಯಾವುದೂ ಇಲ್ಲ.

ತಲೆಕೆಳಗಾದ ಪಾಠ

ವೀಲಂಡರಿಗೆ ಮುಂಚೆಯೇ ಆರ್ಕೆಲಾನಿನ ಒಬ್ಬ ಹತ್ತಿರದ ಬಂಧು ವಿದ್ವಾಂಸರ ಗಮನಕ್ಕೆ ಬಂದಿತ್ತು. ೧೮೭೧ರಲ್ಲಿ ಎಡ್ವರ್ಡ್ ಡ್ರಿಂಕರ್ ಕೋಪ್ ಎಂಬ ಪ್ರಸಿದ್ಧ ವಿಜ್ಞಾನಿಯು ಕ್ಯಾನ್ಸಸ್ ಪ್ರಾಂತದಲ್ಲಿ ಅದರ ಎಲುಬುಗಳನ್ನು ಸಂಗ್ರಹಿಸಿ, ಮರುವರ್ಷ ‘ಪ್ರೊಟೊಸ್ಟೀಗಾ’ ಎಂದು ಹೆಸರಿಟ್ಟರು. ‘ಆದಿಯ ಮಾಡು’ ಎಂದು ಆ ಹೆಸರಿನ ಅರ್ಥ. ಅಂಚಿನಲ್ಲಿ ಬೆರಳುಗಳಂತೆ ಚಾಚಿದ ಮೊನೆಗಳುಳ್ಳ ಕೆಲವು ಅಗಲವಾದ ಎಲುಬಿನ ಫಲಕಗಳು ಅವರಿಗೆ ದೊರೆತಿದ್ದವು. ಅವು ಆಮೆಯ ಬೆನ್ನನ್ನು ಮಾಡಿನಂತೆ ಮುಚ್ಚಿದ್ದವೆಂದು ಕೋಪ್ ಭಾವಿಸಿದರು. ಹೆಚ್ಚು ಪೂರ್ಣವಾದ ಪ್ರತಿಗಳು ದೊರೆತ ಮೇಲೆ ವಿಷಯ ಬೇರೆಯಾಯಿತು. ಬೆನ್ನಿನ ಮೇಲಿನವೆಂದು ತಿಳಿದಿದ್ದ ಆ ಫಲಕಗಳು ವಾಸ್ತವವಾಗಿ ಹೊಟ್ಟೆಯ ಭಾಗದವು! ಹೆಸರು ಮಾತ್ರ ಮೊದಲಿನದೇ ಉಳಿಯಿತು. ವಿಜ್ಞಾನದ ನಾಮಕರಣ ನಿಯಮದಂತೆ ಮೊದಲು ಇಟ್ಟ ಹೆಸರನ್ನು ಅರ್ಥವು ಹೊಂದುವುದಿಲ್ಲವೆಂಬ ಕಾರಣಕ್ಕೆ ಬದಲಾಯಿಸುವಂತಿಲ್ಲ.

ಇದನ್ನು ಕೋಪ್ ಅವರನ್ನು ಹಗುರಾಗಿ ಕಾಣುವುದಕ್ಕಾಗಿ ಹೇಳಿದ್ದಲ್ಲ. ಗ್ರಂಥಸಂಪಾದನೆಯ ಕಷ್ಟವನ್ನು ಬಲ್ಲವರಿಗೆ ಇದರ ಮರ್ಮ ತಿಳಿಯುತ್ತದೆ. ತಾಳೆಗರಿಯ ಒಂದೇ ಪ್ರತಿ, ಅದೂ ದಾರ ಹರಿದು ಗರಿಗಳು ಚದುರಿಹೋದ ಪ್ರತಿ ಕೈಗೆ ಬಂದಾಗ, ಎಂತಹ ಪಂಡಿತನಾದರೂ ಗರಿಗಳನ್ನು ಹಿಂದುಮುಂದಾಗಿ ಜೋಡಿಸುವ ಸಂಭವವುಂಟು. ಎರಡನೆಯ ಪ್ರತಿ, ಮೂರನೆಯ ಪ್ರತಿ ದೊರೆತಾಗ ಪಾಠ ಶುದ್ಧವಾಗುತ್ತದೆ. ಮೊದಲ ಸಂಪಾದಕನು ಗರಿಗಳನ್ನು ಎತ್ತಿಟ್ಟು ತನಗೆ ತೋರಿದ ಕ್ರಮವನ್ನು ಸ್ಪಷ್ಟವಾಗಿ ಬರೆದಿಟ್ಟದ್ದರಿಂದಲೇ ಮುಂದಿನವರು ಅದನ್ನು ತಿದ್ದಲು ಶಕ್ತರಾಗುತ್ತಾರೆ.

ಆಮೆಯ ಮೈಕಟ್ಟು

ಆರ್ಕೆಲಾನಿನ ವೈಶಿಷ್ಟ್ಯ ಮನಸ್ಸಿಗೆ ಬರಬೇಕಾದರೆ ಮೊದಲು ಸಾಮಾನ್ಯವಾಗಿ ಆಮೆಯ ಶರೀರರಚನೆಯನ್ನು ತಿಳಿಯುವುದು ಅವಶ್ಯ. ಆಮೆಯು ಚಿಪ್ಪಿನೊಳಗೆ ವಾಸಿಸುತ್ತದೆಂದು ಮಕ್ಕಳು ಎಣಿಸುವುದುಂಟು. ಶಂಖದ ಹುಳುವಿನಂತೆ ಅದು ಚಿಪ್ಪಿನ ನಿವಾಸಿಯಲ್ಲ. ಅದರ ಚಿಪ್ಪು ಅದರ ಅಸ್ಥಿಪಂಜರದ್ದೇ ಒಂದು ಭಾಗ. ಬೆನ್ನಿನ ಚಿಪ್ಪು ಬೆನ್ನೆಲುಬು ಮತ್ತು ಪಕ್ಕೆಲುಬುಗಳು ಅಗಲವಾಗಿ ಹರಡಿ ಒಂದಕ್ಕೊಂದು ಬೆಸೆದುಕೊಂಡು ಆದದ್ದು. ಸುತ್ತಲಿನ ಅಂಚಿಗೆ ಬೇರೆ ಎಲುಬಿನ ತುಂಡುಗಳು ಸಾಲಾಗಿ ಸೇರಿವೆ. ಅಡಿಯ ಚಿಪ್ಪು ಎದೆ ಹೊಟ್ಟೆಗಳನ್ನು ಕಾಯುವ ಫಲಕಗಳ ಜೋಡಣೆ. ಆದಕಾರಣ ಆಮೆಯನ್ನು ಚಿಪ್ಪಿನಿಂದ ಬೇರ್ಪಡಿಸುವುದೆಂದರೆ ಮನುಷ್ಯನನ್ನು ಅವನ ಬೆನ್ನೆಲುಬಿನಿಂದ ಬೇರ್ಪಡಿಸಿದಂತೆಯೇ ಸರಿ.

ಇನ್ನೊಂದು ಸೋಜಿಗವನ್ನೂ ಗಮನಿಸಬೇಕು. ಮನುಷ್ಯರಾದ ನಮ್ಮಲ್ಲಿ ಹೆಗಲಿನ ಹಲಗೆಯೆಲುಬು ಪಕ್ಕೆಲುಬುಗಳ ಹೊರಮಗ್ಗುಲಲ್ಲಿದೆ. ಬೆನ್ನಿನ ಮೇಲೆ ಕೈಯಾಡಿಸಿದರೆ ಅದು ತಿಳಿಯುತ್ತದೆ. ಹಸು, ಕುದುರೆ, ಕೋಳಿಗಳಲ್ಲಿಯೂ ಹೀಗೆಯೇ. ಆಮೆಯೊಂದರಲ್ಲಿ ಮಾತ್ರ ಹೆಗಲೆಲುಬು ಪಕ್ಕೆಲುಬುಗಳ ಗೂಡಿನ ಒಳಗೆ ಸೇರಿಕೊಂಡಿದೆ. ಇಂತಹ ವಿಪರೀತ ರಚನೆ ಹೇಗೆ ಬಂದಿತೆಂಬುದು ಬಹುಕಾಲ ಒಗಟಾಗಿತ್ತು. ೨೦೦೮ರಲ್ಲಿ ಚೀನಾ ದೇಶದಿಂದ ವರದಿಯಾದ ಒಡೊಂಟೊಕೆಲಿಸ್ ಎಂಬ ಸುಮಾರು ೨೨ ಕೋಟಿ ವರ್ಷ ಹಳೆಯ ಪಳೆಯುಳಿಕೆಯು ಈ ಒಗಟನ್ನು ಬಿಡಿಸಲು ಬಹಳ ನೆರವಾಯಿತು. ಅದಕ್ಕೆ ಬಾಯಲ್ಲಿ ಹಲ್ಲುಗಳಿದ್ದವು; ಅಡಿಯ ಚಿಪ್ಪು ಪೂರ್ಣವಾಗಿತ್ತು; ಬೆನ್ನಿನಲ್ಲಿ ಮಾತ್ರ ಪಕ್ಕೆಲುಬುಗಳು ಅಗಲವಾಗಿದ್ದವೇ ಹೊರತು ಬೆಸೆದು ಚಿಪ್ಪಾಗಿರಲಿಲ್ಲ. ಆಮೆಯ ಕವಚವು ಒಮ್ಮೆಗೇ ಸಿದ್ಧವಾಗಿ ಬಂದುದಲ್ಲವೆಂಬುದಕ್ಕೆ ಇದು ಸಾಕ್ಷಿಯಾಯಿತು.

ಆರ್ಕೆಲಾನಿನ ವಿಶೇಷ

ಆಮೆಯ ಜಾತಿಲಕ್ಷಣವೇ ಗಟ್ಟಿಯಾದ ಬೆನ್ನುಚಿಪ್ಪು ಎಂದ ಮೇಲೆ, ಆಮೆಗಳಲ್ಲೆಲ್ಲ ದೈತ್ಯನಾದ ಆರ್ಕೆಲಾನಿನ ಚಿಪ್ಪು ಕೋಟೆಯ ಗೋಡೆಯಂತಿರಬೇಕೆಂದು ಎಣಿಸುವುದು ಸಹಜ. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಅದರ ಬೆನ್ನಿನಲ್ಲಿ ಅಖಂಡವಾದ ಎಲುಬಿನ ಚಿಪ್ಪು ಇರಲಿಲ್ಲ. ಪಕ್ಕೆಲುಬುಗಳು ಬೆನ್ನೆಲುಬಿನಿಂದ ಎರಡೂ ಪಕ್ಕಗಳಿಗೆ ಬಿಡಿಬಿಡಿಯಾಗಿ ಚಾಚಿದ್ದವು. ಅವುಗಳ ನಡುವೆ ದೊಡ್ಡ ದೊಡ್ಡ ತೆರವುಗಳಿದ್ದವು. ಹೆಂಚು ಹೊದಿಸುವ ಮೊದಲು ಮನೆಯ ಮಾಡು ತೊಲೆ ಜಂತಿಗಳ ಚೌಕಟ್ಟಾಗಿ ಕಾಣುವಂತೆ ಅದರ ಬೆನ್ನಿನ ಅಸ್ಥಿಪಂಜರ ಕಾಣುತ್ತದೆ. ಈ ಚೌಕಟ್ಟನ್ನು ಇಂದಿನ ತೊಗಲಾಮೆಯಲ್ಲಿ ಇರುವಂತೆ ದಪ್ಪ ಚರ್ಮವು ಹೊದೆದಿತ್ತೆಂದು ಅನೇಕ ತಜ್ಞರ ಅಭಿಪ್ರಾಯ. ಬೆನ್ನಿನ ನಡುವೆ ಉದ್ದಕ್ಕೂ ಒಂದು ಏಣು ಎದ್ದಿತ್ತು.

ಅಡಿಯ ಭಾಗವು ಇದಕ್ಕಿಂತ ದೃಢವಾಗಿತ್ತು. ಅಲ್ಲಿ ನಾಲ್ಕು ದೊಡ್ಡ ಫಲಕಗಳು ನಕ್ಷತ್ರಾಕಾರದಲ್ಲಿ ಮೊನೆಗಳನ್ನು ಚಾಚಿ, ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ ಒಂದರೊಡನೊಂದು ಹೊಂದಿಕೊಂಡಿದ್ದವು. ಕೋಪ್ ಅವರು ತಮ್ಮ ಪ್ರೊಟೊಸ್ಟೀಗಾದಲ್ಲಿ ಬೆನ್ನಿನವೆಂದು ತಿಳಿದದ್ದು ಇಂತಹ ಫಲಕಗಳನ್ನೇ.

ಇಷ್ಟು ದೊಡ್ಡ ಪ್ರಾಣಿಗೆ ಇಷ್ಟು ಬಿಡುವಾದ ಚಿಪ್ಪು ಏಕೆ? ಎಲುಬು ಭಾರವಾದ ವಸ್ತು. ನೆಲದ ಮೇಲಿನ ಆಮೆಗೆ ಕವಚವೇ ರಕ್ಷೆ. ಅದು ಓಡಲಾರದು, ಓಡಬೇಕಾಗಿಯೂ ಇಲ್ಲ. ವಿಶಾಲವಾದ ಕಡಲಿನಲ್ಲಿ ದೂರದೂರ ಸಾಗಬೇಕಾದ ಆಮೆಗೆ ಭಾರವಾದ ಕವಚವನ್ನು ಹೊರುವುದು ವ್ಯರ್ಥಶ್ರಮ. ಇಂದಿನ ಕಡಲಾಮೆಗಳಲ್ಲಿಯೂ ಚಿಪ್ಪು ಹಗುರವಾಗಿ, ಚಪ್ಪಟೆಯಾಗಿ, ನೀರನ್ನು ಸೀಳಿಕೊಂಡು ಹೋಗಲು ಅನುಕೂಲವಾಗಿರುವುದನ್ನು ಕಾಣುತ್ತೇವೆ.

ಮುಂಗಾಲುಗಳು ಉದ್ದವಾಗಿ, ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿದ್ದವು. ಇವನ್ನು ಈಜುಗಾಲುಗಳೆಂದು ಕರೆಯಬಹುದು. ತೋಳಿನ ಮೇಲೆಲುಬು ಬಹು ದಪ್ಪವಾಗಿದ್ದು, ಬಲವಾದ ಮಾಂಸಖಂಡಗಳು ಅಂಟಿಕೊಳ್ಳಲು ತಕ್ಕ ಉಬ್ಬುಗಳನ್ನು ಹೊಂದಿದೆ. ಮಾಂಸ ಉಳಿಯದಿದ್ದರೂ ಅದು ಅಂಟಿದ್ದ ಗುರುತು ಎಲುಬಿನ ಮೇಲೆ ಉಳಿಯುತ್ತದೆ. ಆ ಗುರುತಿನ ಗಾತ್ರದಿಂದ ಮಾಂಸಖಂಡದ ಬಲವನ್ನು ಅಂದಾಜು ಮಾಡಬಹುದು. ತಲೆಯು ಉದ್ದವಾಗಿ, ಕಿರಿದಾಗಿತ್ತು. ಹಲ್ಲುಗಳಿರಲಿಲ್ಲ, ಅವುಗಳ ಬದಲಿಗೆ ಗಿಡುಗನ ಕೊಕ್ಕಿನಂತೆ ಕೆಳಕ್ಕೆ ಬಾಗಿದ ಬಲವಾದ ಕೊಕ್ಕು ಇತ್ತು. ಆ ಕೊಕ್ಕಿನಿಂದ ಅದು ಚಿಪ್ಪುಳ್ಳ ಜೀವಿಗಳನ್ನು ಒಡೆದು ತಿನ್ನುತ್ತಿತ್ತೆಂದು ಕೆಲವರೂ, ಕಡಲ ಮೇಲ್ಪದರದಲ್ಲಿ ತೇಲುವ ಮೆತ್ತನೆಯ ಪ್ರಾಣಿಗಳನ್ನು ಹಿಡಿಯುತ್ತಿತ್ತೆಂದು ಕೆಲವರೂ ಪ್ರತಿಪಾದಿಸಿದ್ದಾರೆ.

ಕಡಿದುಹೋದ ಕಾಲು

ಇಂದ್ರಿಯಗಳನ್ನು ಒಳಗೆ ಸೆಳೆದುಕೊಂಡವನಿಗೆ ಅಂಗಗಳನ್ನು ಚಿಪ್ಪಿನೊಳಗೆ ಸೆಳೆದುಕೊಂಡ ಆಮೆಯನ್ನು ಹೋಲಿಸುವುದು ನಮ್ಮಲ್ಲಿ ಬಹು ಪ್ರಾಚೀನವಾದ ಉಪಮೆ. ನೆಲ, ಕೆರೆಗಳ ಆಮೆಗೆ ಆ ಉಪಮೆ ಚೆನ್ನಾಗಿ ಒಪ್ಪುತ್ತದೆ. ಕಡಲಾಮೆಗೆ ಅದು ಹೊಂದದು. ಕಡಲಾಮೆಯು ತಲೆಯನ್ನಾಗಲಿ ಕಾಲುಗಳನ್ನಾಗಲಿ ಚಿಪ್ಪಿನೊಳಗೆ ಎಳೆದುಕೊಳ್ಳಲಾರದು. ಈಜುವ ಸಾಮರ್ಥ್ಯವನ್ನು ಪಡೆದುದಕ್ಕೆ ತೆತ್ತ ಬೆಲೆಯಿದು. ಅದರ ಅಂಗಗಳು ಸದಾ ಹೊರಗೇ ಇದ್ದು ವೈರಿಗಳ ಬಾಯಿಗೆ ಎಟುಕುವಂತಿರುತ್ತವೆ.

ಯೇಲ್ ಸಂಗ್ರಹಾಲಯದ ಆರ್ಕೆಲಾನಿನಲ್ಲಿ ಇದಕ್ಕೆ ಪ್ರತ್ಯಕ್ಷವಾದ ಸಾಕ್ಷಿಯಿದೆ. ಅದರ ಬಲ ಹಿಂಗಾಲಿನ ಕೆಳಭಾಗವೇ ಇಲ್ಲ. ಶಿಲೆಯಲ್ಲಿ ಎಲ್ಲಿಯೋ ಕಳೆದುಹೋಗಿರಬಹುದೆಂದು ಮೊದಲ ನೋಟಕ್ಕೆ ತೋರಬಹುದು. ಪಳೆಯುಳಿಕೆಗಳಲ್ಲಿ ಕೆಲವು ಎಲುಬುಗಳು ದೊರೆಯದಿರುವುದು ಸಾಮಾನ್ಯ ಸಂಗತಿ. ಆದರೆ ಉಳಿದಿರುವ ಭಾಗವನ್ನು ಪರೀಕ್ಷಿಸಿದಾಗ ಬೇರೆಯ ಕಥೆ ಹೊರಬಿದ್ದಿತು. ಆ ಕಾಲಿನ ಉಳಿದ ಎಲುಬುಗಳು ಎಡಗಾಲಿನವುಗಳಷ್ಟು ಬೆಳೆದಿಲ್ಲ. ಸತ್ತ ಮೇಲೆ ಕಾಲು ಹೋಗಿದ್ದರೆ ಎರಡೂ ಕಾಲುಗಳ ಮೇಲಿನ ಎಲುಬುಗಳು ಸಮನಾಗಿ ಇರಬೇಕಾಗಿತ್ತು. ಪೂರ್ಣವಾಗಿ ಬೆಳೆದ ಮೇಲೆ ಹೋಗಿದ್ದರೂ ಇಂತಹ ಅಂತರ ಉಂಟಾಗುತ್ತಿರಲಿಲ್ಲ. ಪ್ರಾಣಿ ಇನ್ನೂ ಎಳೆಯದಾಗಿದ್ದಾಗಲೇ ಕಾಲು ತುಂಡಾಯಿತು. ಮೈಯೆಲ್ಲ ಬೆಳೆಯುತ್ತ ಹೋದರೂ ಕೆಲಸವಿಲ್ಲದ ಆ ಮೋಟುಗಾಲು ಹಿಂದೆ ಉಳಿಯಿತು. ಶಾರ್ಕೋ, ಮೋಸಸಾರೋ, ಜಿಫಾಕ್ಟಿನಸ್ ಮೀನೋ, ಯಾವುದೋ ಒಂದು ಹಿಂಸ್ರಪ್ರಾಣಿ ಅದನ್ನು ಕಚ್ಚಿ ತುಂಡರಿಸಿರಬೇಕು.

ಇಲ್ಲಿಗೆ ಈ ತರ್ಕ ನಿಲ್ಲುವುದಿಲ್ಲ. ಕಡಲಾಮೆಗಳಿಗೆ ಮುಂದೆ ಸಾಗಲು ಬಲ ನೀಡುವುದು ಮುಂಗಾಲುಗಳು. ಹಿಂಗಾಲುಗಳು ಮುಖ್ಯವಾಗಿ ದೋಣಿಯ ಚುಕ್ಕಾಣಿಯಂತೆ ದಿಕ್ಕು ತಿರುಗಿಸಲು ನೆರವಾಗುತ್ತವೆ. ಹಿಂಗಾಲಿನ ಬದಲು ಮುಂಗಾಲು ಹೋಗಿದ್ದರೆ ಆ ಪ್ರಾಣಿ ಬದುಕುವುದು ದುಸ್ತರವಾಗುತ್ತಿತ್ತು. ಒಂದು ಹಿಂಗಾಲನ್ನು ಕಳೆದುಕೊಂಡರೂ ಅದು ಆ ಘೋರವಾದ ಕಡಲಿನಲ್ಲಿ ಈಜಿ, ಆಹಾರ ಸಂಪಾದಿಸಿ, ಮೂರೂವರೆ ಮೀಟರು ಉದ್ದಕ್ಕೆ ಬೆಳೆಯುವವರೆಗೂ ಬಾಳಿತು. ಏಳೂವರೆ ಕೋಟಿ ವರ್ಷಗಳ ಹಿಂದಿನ ಒಂದು ಮೂಕಪ್ರಾಣಿಯ ಬಾಳಿನ ಕಷ್ಟ ಮತ್ತು ಅದರ ಸಹಿಷ್ಣುತೆ ಎರಡನ್ನೂ ಎರಡು ಎಲುಬುಗಳ ಅಳತೆಯಲ್ಲಿರುವ ಅಂತರವು ನಮಗೆ ತಿಳಿಸಿಕೊಡುತ್ತದೆ. ಈ ಅಂತರವನ್ನು ಕಾಣಲು ಬೇಕಾದುದು ದುಬಾರಿಯಾದ ಯಂತ್ರವಲ್ಲ. ಒಂದು ಅಳತೆಗೋಲು, ಎಡವನ್ನು ಬಲದೊಡನೆ ಹೋಲಿಸಿ ನೋಡುವ ತಾಳ್ಮೆ.

ಕಾಲನಿರ್ಣಯದ ಕ್ರಮ

ಏಳೂವರೆ ಕೋಟಿ ವರ್ಷಗಳೆಂಬ ಲೆಕ್ಕ ಎಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು. ಕಾಲ ನಮೂದಿಸದ ಹಸ್ತಪ್ರತಿಯ ಕಾಲವನ್ನು ಲಿಪಿಯ ಸ್ವರೂಪದಿಂದ ನಿರ್ಧರಿಸುವುದು ನಮ್ಮಲ್ಲಿ ರೂಢಿ. ಇಂತಹ ಅಕ್ಷರ ಮೊದಲಿನದು, ಇಂತಹುದು ಅನಂತರದ್ದು ಎಂಬ ಅನುಕ್ರಮ ಅದರಿಂದ ತಿಳಿಯುತ್ತದೆ. ಪ್ರತಿಯ ಕೊನೆಯಲ್ಲಿ ಶಕವರ್ಷ, ಸಂವತ್ಸರಗಳ ಉಲ್ಲೇಖವಿದ್ದರೆ ಖಚಿತವಾದ ಕಾಲವೇ ದೊರೆಯುತ್ತದೆ. ಪಿಯರ್ ಶೇಲಿನಲ್ಲಿ ಈ ಎರಡು ಬಗೆಯ ಆಧಾರಗಳೂ ಇವೆ. ಅಮೊನೈಟುಗಳ ಚಿಪ್ಪಿನ ಆಕಾರ ಪದರದಿಂದ ಪದರಕ್ಕೆ ಬದಲಾಗುತ್ತ ಹೋಗಿರುವುದರಿಂದ, ಯಾವ ಪದರ ಮೊದಲು, ಯಾವುದು ತರುವಾಯ ಎಂಬುದನ್ನು ಅವು ಲಿಪಿಯಂತೆ ಸೂಚಿಸುತ್ತವೆ. ನಡುನಡುವೆ ಜ್ವಾಲಾಮುಖಿಗಳಿಂದ ಹಾರಿಬಂದು ಕಡಲ ತಳದಲ್ಲಿ ನೆಲೆಸಿದ ಬೂದಿಯ ತೆಳುಪದರಗಳಿವೆ. ಆ ಬೂದಿಯ ಹರಳುಗಳಲ್ಲಿರುವ ವಿಕಿರಣಶೀಲ ಧಾತುಗಳು ನಿಯತವಾದ ವೇಗದಲ್ಲಿ ಬೇರೆ ಧಾತುಗಳಾಗಿ ಮಾರ್ಪಡುತ್ತವೆ. ಎಷ್ಟು ಮಾರ್ಪಟ್ಟಿದೆ, ಎಷ್ಟು ಉಳಿದಿದೆ ಎಂಬುದನ್ನು ಅಳೆದರೆ ಬೂದಿ ಬಿದ್ದು ಎಷ್ಟು ಕಾಲವಾಯಿತೆಂಬುದು ಗೊತ್ತಾಗುತ್ತದೆ. ಬೂದಿಯ ಪದರವೇ ಆ ಗ್ರಂಥದ ಶಕವರ್ಷ.

ವಂಶವಿಚಾರ

ಆರ್ಕೆಲಾನ್, ಪ್ರೊಟೊಸ್ಟೀಗಾ ಮುಂತಾದವು ಸೇರಿದ ಕುಟುಂಬಕ್ಕೆ ಪ್ರೊಟೊಸ್ಟೀಗಿಡೇ ಎಂದು ಹೆಸರು. ಈ ಕುಟುಂಬದ ಹಿಂದಿನ ತಲೆಗಳ ಬಗ್ಗೆ ಈಚೆಗೆ ಹೊಸ ಸಂಗತಿಗಳು ತಿಳಿದುಬಂದಿವೆ. ೧೯೯೮ರಲ್ಲಿ ಜಪಾನಿನ ವಿಜ್ಞಾನಿ ಹಿರಾಯಾಮಾ ಅವರು ಬ್ರೆಜಿಲ್ ದೇಶದ ಸುಮಾರು ೧೧ ಕೋಟಿ ವರ್ಷ ಹಳೆಯ ಸಾಂಟನಾಕೆಲಿಸ್ ಎಂಬ ಕಡಲಾಮೆಯನ್ನು ವಿವರಿಸಿದರು. ಅದು ಒಂದು ಗೇಣಿನಷ್ಟು ಉದ್ದದ ಚಿಕ್ಕ ಪ್ರಾಣಿ. ಅದರ ಕಾಲ್ಬೆರಳುಗಳು ಇನ್ನೂ ಬಿಡಿಯಾಗಿ ಅಲುಗಾಡುವಂತಿದ್ದವು. ಎಂದರೆ ಕಾಲು ಪೂರ್ಣವಾಗಿ ಹುಟ್ಟಿನ ರೂಪವನ್ನು ತಾಳಿರಲಿಲ್ಲ. ಆದರೆ ಕಣ್ಣಿನ ಬಳಿ ದೊಡ್ಡ ಉಪ್ಪುಗ್ರಂಥಿಗಳಿದ್ದುದಕ್ಕೆ ಅದರ ತಲೆಬುರುಡೆಯಲ್ಲಿ ಕುರುಹುಗಳಿವೆ. ಕಡಲನೀರನ್ನು ಕುಡಿದು ಬದುಕುವ ಪ್ರಾಣಿಗೆ ಮೈಯಲ್ಲಿ ಸೇರಿದ ಹೆಚ್ಚಿನ ಉಪ್ಪನ್ನು ಹೊರಹಾಕುವ ಉಪಾಯ ಬೇಕು. ಇಂದಿನ ಕಡಲಾಮೆಗಳೂ ಕಣ್ಣೀರಿನ ರೂಪದಲ್ಲಿ ಅದನ್ನು ಹೊರಹಾಕುತ್ತವೆ. ಮೊಟ್ಟೆಯಿಡಲು ದಡಕ್ಕೆ ಬಂದ ಆಮೆ ಪ್ರಸವವೇದನೆಯಿಂದ ಅಳುತ್ತದೆಂದು ಜನ ಹೇಳುವುದುಂಟು. ಅದು ವಾಸ್ತವವಾಗಿ ಉಪ್ಪನ್ನು ವಿಸರ್ಜಿಸುವ ಕ್ರಿಯೆ. ೨೦೧೫ರಲ್ಲಿ ಕೊಲಂಬಿಯಾ ದೇಶದಿಂದ ವರದಿಯಾದ ಡೆಸ್ಮಾಟೊಕೆಲಿಸ್ ಕುಲದ ಒಂದು ಪ್ರಭೇದವು ೧೨ ಕೋಟಿ ವರ್ಷಗಳಿಗೂ ಹಿಂದಿನದೆಂದು ನಿರ್ಣಯಿಸಲ್ಪಟ್ಟಿದೆ.

ಇಂದಿನ ತೊಗಲಾಮೆಯ ಬೆನ್ನಿನಲ್ಲಿಯೂ ಪಕ್ಕೆಲುಬುಗಳು ಬೆಸೆದಿಲ್ಲ. ಅಖಂಡವಾದ ಚಿಪ್ಪಿನ ಬದಲು ಚಿಕ್ಕ ಚಿಕ್ಕ ಎಲುಬಿನ ಬಿಲ್ಲೆಗಳು ಹುದುಗಿದ ಚರ್ಮವಿದೆ. ಈ ಹೋಲಿಕೆಯಿಂದ ಆರ್ಕೆಲಾನ್ ಅದರ ಹತ್ತಿರದ ಬಂಧುವೆಂದು ಹಲವರು ಹೇಳುತ್ತಾರೆ. ಬೇರೆ ಕೆಲವರು ಇದನ್ನು ಒಪ್ಪದೆ, ಒಂದೇ ಬಗೆಯ ಜೀವನದಿಂದ ಎರಡು ಬೇರೆ ಬೇರೆ ವಂಶಗಳಲ್ಲಿ ಒಂದೇ ಬಗೆಯ ರಚನೆ ಬಂದಿದೆಯೆನ್ನುತ್ತಾರೆ. ರೂಪಸಾಮ್ಯವೊಂದರಿಂದಲೇ ವಂಶಸಾಮ್ಯ ಸಿದ್ಧಿಸುವುದಿಲ್ಲವೆಂಬುದು ಭಾಷಾಶಾಸ್ತ್ರದಲ್ಲಿಯೂ ಪರಿಚಿತವಾದ ಮಾತು. ತಿಳಿ ಎಂಬರ್ಥದ ಕನ್ನಡದ ‘ಅರಿ’ಗೂ ಶತ್ರು ಎಂಬರ್ಥದ ಸಂಸ್ಕೃತದ ‘ಅರಿ’ಗೂ ರೂಪ ಒಂದೇ, ಹುಟ್ಟು ಬೇರೆ ಬೇರೆ. ಎಲುಬುಗಳಲ್ಲಿಯೂ ಇಂತಹ ವಿವೇಚನೆ ಅಗತ್ಯವಾಗಿದೆ, ಚರ್ಚೆ ನಡೆದಿದೆ.

ಬಲ ಮತ್ತು ಬಾಳಿಕೆ

‘ಬಲಶಾಲಿ’ ಎಂಬ ಬಿರುದನ್ನು ಹೊತ್ತ ಈ ಮಹಾಕೂರ್ಮದ ವಂಶ ಇಂದು ಉಳಿದಿಲ್ಲ. ಒಳಗಡಲು ಕ್ರಮೇಣ ಹಿಂಜರಿಯುತ್ತ ಬಂದಿತು. ಆರ್ಕೆಲಾನಿನ ಎಲುಬುಗಳು ತರುವಾಯದ ಶಿಲಾಪದರಗಳಲ್ಲಿ ಕಂಡುಬಂದಿಲ್ಲ. ಮುಂದೆ ೬.೬ ಕೋಟಿ ವರ್ಷಗಳ ಹಿಂದೆ ಒಂದು ದೊಡ್ಡ ಕ್ಷುದ್ರಗ್ರಹವು ಮೆಕ್ಸಿಕೋ ದೇಶದ ಯುಕಟಾನ್ ಪ್ರದೇಶದಲ್ಲಿ ಭೂಮಿಗೆ ಬಡಿದಾಗ ಉಂಟಾದ ಮಹಾವಿನಾಶದಲ್ಲಿ ಮೋಸಸಾರುಗಳೂ ಅಮೊನೈಟುಗಳೂ ನಿರ್ಮೂಲವಾದವು. ನೆಲದ ಮೇಲೆ ದೈತ್ಯ ಡೈನೋಸಾರುಗಳು ಅಳಿದವು. ಆ ಪ್ರಳಯವನ್ನು ದಾಟಿ ಬಂದ ಕೆಲವು ಕಡಲಾಮೆಗಳ ಸಂತತಿಯೇ ಇಂದಿನ ಏಳು ಪ್ರಭೇದಗಳು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ತೊಗಲಾಮೆ. ೧೯೮೮ರಲ್ಲಿ ಬ್ರಿಟನ್ನಿನ ವೇಲ್ಸ್ ಕರಾವಳಿಯಲ್ಲಿ ಸತ್ತು ದಡಕ್ಕೆ ಬಂದ ಒಂದು ತೊಗಲಾಮೆ ೯೧೬ ಕಿಲೋಗ್ರಾಂ ತೂಗುತ್ತಿತ್ತು. ದಾಖಲಾದ ಆ ದೊಡ್ಡ ಆಮೆಯೂ ಆರ್ಕೆಲಾನಿನ ಅರ್ಧ ತೂಕಕ್ಕೆ ಬರಲಿಲ್ಲ.

ಏಳರಲ್ಲಿ ಐದು ಪ್ರಭೇದಗಳು ಭಾರತದ ಕಡಲುಗಳ ನೀರಿನಲ್ಲಿ ಕಂಡುಬರುತ್ತವೆ. ಆಲಿವ್ ರಿಡ್ಲೆ ಎಂಬ ಆಮೆಯಂತೂ ನಮ್ಮ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳ ಮರಳದಂಡೆಗಳಿಗೆ ಚಳಿಗಾಲದ ರಾತ್ರಿಗಳಲ್ಲಿ ಬಂದು ಮೊಟ್ಟೆಯಿಡುತ್ತದೆ. ಅದರ ತೂಕ ಸುಮಾರು ನಲವತ್ತು ಕಿಲೋಗ್ರಾಂ. ಆರ್ಕೆಲಾನಿನ ಐವತ್ತರಲ್ಲಿ ಒಂದು ಪಾಲು. ಹಿಂಗಾಲುಗಳಿಂದ ಮರಳನ್ನು ಬಗೆದು, ನೂರರಷ್ಟು ಮೊಟ್ಟೆಗಳನ್ನು ಇಟ್ಟು, ಗುಂಡಿಯನ್ನು ಮುಚ್ಚಿ ಅದು ಮರಳಿ ಕಡಲಿಗೆ ಇಳಿಯುತ್ತದೆ. ಸುಮಾರು ಐವತ್ತು ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಮರಳಿನ ಶಾಖ ಹೆಚ್ಚಿದ್ದರೆ ಹೆಣ್ಣುಮರಿಗಳೂ, ಕಡಿಮೆಯಿದ್ದರೆ ಗಂಡುಮರಿಗಳೂ ಹೆಚ್ಚಾಗಿ ಹುಟ್ಟುವುದು ಇನ್ನೊಂದು ವಿಸ್ಮಯ. ಮರಿಗಳು ಮೊದಲ ದಿನಗಳಲ್ಲಿಯೇ ಏಡಿ, ಹಕ್ಕಿ, ಮೀನುಗಳಿಗೆ ಬಲಿಯಾಗುವುದುಂಟು; ಯೇಲ್ ಸಂಗ್ರಹಾಲಯದ ಆರ್ಕೆಲಾನಿಗೆ ಎಳೆತನದಲ್ಲಿ ಒದಗಿದ ಆಪತ್ತು ಕಡಲಾಮೆಗಳಿಗೆ ಇಂದಿಗೂ ತಪ್ಪಿಲ್ಲ. ಇವುಗಳ ಜೊತೆಗೆ ಮೀನುಬಲೆಗಳು, ದಂಡೆಯ ಮೇಲಿನ ಕಟ್ಟಡಗಳು, ಕಣ್ಣು ಕೋರೈಸುವ ದೀಪಗಳು ಎಂಬ ಹೊಸ ಆಪತ್ತುಗಳನ್ನು ಮನುಷ್ಯನು ತಂದಿಟ್ಟಿದ್ದಾನೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ನಮ್ಮ ಕಡಲಾಮೆಗಳಿಗೆ ಹೆಚ್ಚಿನ ರಕ್ಷಣೆ ನೀಡಿದೆ. ಅವುಗಳನ್ನು ಬೇಟೆಯಾಡುವುದಾಗಲಿ, ಮೊಟ್ಟೆ, ಚಿಪ್ಪುಗಳನ್ನು ತೆಗೆದು ಮಾರುವುದಾಗಲಿ ಅಪರಾಧವಾಗುತ್ತದೆ. ಕರಾವಳಿಯ ಪ್ರವಾಸಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಉಪಾಧ್ಯಾಯರು ಈ ಸಂಗತಿಯನ್ನು ಮೊದಲೇ ತಿಳಿಸಿಕೊಡುವುದು ಉಚಿತ.

ಶಾಲೆಯಲ್ಲಿ ವಿಜ್ಞಾನವನ್ನು ಬೋಧಿಸುವವರು ಒಂದು ಕಡೆ, ಭಾಷೆಯನ್ನು ಬೋಧಿಸುವವರು ಒಂದು ಕಡೆ ಎಂಬ ಭಾವನೆ ಬಹುಕಾಲದಿಂದ ಬೇರೂರಿದೆ. ಆರ್ಕೆಲಾನಿನ ಎಲುಬುಗಳನ್ನು ಓದಿದ ಕ್ರಮವನ್ನು ಪರಿಶೀಲಿಸಿದರೆ ಈ ಗೋಡೆ ಅಷ್ಟು ಎತ್ತರವಾದುದಲ್ಲವೆಂದು ತೋರುತ್ತದೆ. ಪ್ರತಿಗಳನ್ನು ಹೋಲಿಸುವುದು, ತಪ್ಪಿದ ಪಾಠವನ್ನು ತಿದ್ದುವುದು, ಆಧಾರವಿದ್ದಷ್ಟನ್ನೇ ಹೇಳುವುದು, ಉಳಿದುದಕ್ಕೆ ಹೊಸ ಪ್ರತಿ ದೊರೆಯುವವರೆಗೆ ಕಾಯುವುದು ಇಬ್ಬರಿಗೂ ಸಮಾನವಾದ ಧರ್ಮ. ಒಂದು ಮೋಟುಗಾಲಿನ ಅಳತೆಯಿಂದ ಒಂದು ಜೀವದ ಬಾಳನ್ನು ಓದಿ ಹೇಳಬಲ್ಲ ಈ ಶ್ರದ್ಧೆಯನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಬೆಳೆಸುವುದು ಭಾಷೆಯ ಉಪಾಧ್ಯಾಯರಿಗೂ ವಿಜ್ಞಾನದ ಉಪಾಧ್ಯಾಯರಿಗೂ ಸೇರಿದ ಕರ್ತವ್ಯ.